ಕಾಡು ಭತ್ತ ನಮ್ಮ ಗದ್ದೆಗೆ ನೇರ ಬರೋದಿಲ್ಲ
ಆಸ್ಟ್ರೇಲಿಯಾದ ಕಾಡು ಭತ್ತ (ಒರೈಜಾ ಆಸ್ಟ್ರೇಲಿಯೆನ್ಸಿಸ್) ತಂದು ಬಿತ್ತಿದರೆ ಕರಾವಳಿಯ ಬೆಟ್ಟು ಗದ್ದೆಗಳಿಗೆ (ಎತ್ತರದ ಗದ್ದೆಗಳಿಗೆ) ಒಳ್ಳೆಯದು ಅಂತ ಒಂದು ಲೇಖನದಲ್ಲಿ ಓದಿದೆ. ಇದು ಅಷ್ಟು ಸುಲಭ ಅಲ್ಲ. ಕಾಡು ಭತ್ತದ ಕಾಳು ಮಾಗುತ್ತಿದ್ದ ಹಾಗೇ ಉದುರಿ ಬೀಳುತ್ತದೆ. ಕೊಯ್ಲಿಗೆ ಕತ್ತಿ ಹಿಡಿದು ಹೋದರೆ ಸಿಗುವುದು ಬರೀ ಹುಲ್ಲು!

ಅದರ ಗುಣ ಮಾತ್ರ ದೊಡ್ಡದು. ಅದು ಬೆಳೆಯುವುದು ಉತ್ತರ ಆಸ್ಟ್ರೇಲಿಯಾದಲ್ಲಿ. ಮಳೆಗಾಲದಲ್ಲಿ ನೀರು ನಿಲ್ಲುವ, ಆಮೇಲೆ ಒಣಗಿ ಬಿರಿಯುವ ಜೇಡಿ ಮಣ್ಣು. ಬಿಸಿಲು ಜಾಸ್ತಿಯಾದರೆ ಎಲೆಯ ಆಹಾರ ತಯಾರಿಯಲ್ಲಿ ಮೊದಲು ಕೈಕೊಡುವುದು ರುಬಿಸ್ಕೊ ಆಕ್ಟಿವೇಸ್ ಎಂಬ ಕಿಣ್ವ. ಈ ಕಾಡು ಭತ್ತದಲ್ಲಿ ಅದು ನಮ್ಮ ಭತ್ತಕ್ಕಿಂತ ಹೆಚ್ಚು ಬಿಸಿ ತಡೆಯುತ್ತದೆ. ಕಂದು ಜಿಗಿಹುಳು ತಡೆಯುವ ಬಿಪಿಎಚ್10 ಜೀನ್ ಬಂದದ್ದೂ ಇದರಿಂದಲೇ.

ಆದರೆ ಎರಡರ ಸಂಬಂಧ ದೂರದ್ದು. ಎರಡರಲ್ಲೂ 24 ಕ್ರೋಮೋಸೋಮ್ ಇದ್ದರೂ ಜೀನೋಮ್ (ವಂಶವಾಹಿಗಳ ಒಟ್ಟು ಗಂಟು) ಬೇರೆ: ನಮ್ಮದು ಎಎ ಗುಂಪು, ಅದು ಇಇ. ಸುಮ್ನೆ ಪರಾಗ ಹಾಕಿದರೆ ಸಾಲದು, ಭ್ರೂಣವನ್ನು ಲ್ಯಾಬಿನಲ್ಲಿ ಉಳಿಸಿ ಬೆಳೆಸಬೇಕು. ಆಮೇಲೂ ನಮ್ಮ ಭತ್ತದ ತಳಿಯ ಜೊತೆ ಮತ್ತೆ ಮತ್ತೆ ಕ್ರಾಸ್ ಮಾಡಬೇಕು.

ಉಡುಪಿ ಕಡೆ ನಾವು ಎಂಒ-4 ಎಂಬ ಕೆಂಪಕ್ಕಿ ತಳಿ ಬೆಳೆಯುವವರು. ಮನೆಯವರಿಗೆ ಕುಚ್ಚಲಕ್ಕಿ ಗಂಜಿ ಆಗಲೇಬೇಕು. ಕೊಳಕೆ (ಬೇಸಿಗೆ) ಬೆಳೆ ತೆನೆ ಬಿಡುವ ಹೊತ್ತಿಗೆ ಸೆಕೆ ಶುರು. ಹೂ ಬಿಡುವಾಗ 35 ಡಿಗ್ರಿ ದಾಟಿದರೆ ಜಳ್ಳು ಜಾಸ್ತಿ, ಅಲ್ವಾ? ವಿಜ್ಞಾನಿಗಳೇ, ಬಿಸಿ ತಡೆಯುವ ಆ ಗುಣ ನಮ್ಮ ಕೆಂಪಕ್ಕಿ ತಳಿಗೆ ಸೇರಿಸಿಕೊಡಿ, ಖಂಡಿತ ಬಿತ್ತುತ್ತೇವೆ.