ಹತ್ತೊಂಬತ್ತು ಗಿರಣಿ, ಹಿಟ್ಟು ಮಾತ್ರ ಇಲ್ಲ

ಬುಧವಾರ ಬೆಳಿಗ್ಗೆಯೇ ಗೋಧಿ ಡಬ್ಬಿ ಇಟ್ಟು ಬಂದಿದ್ದೆ. ಸಂಜೆಗೆ ಒಯ್ಯಿರಿ ಅಂದಿದ್ದ ಗಿರಣಿಯವನು ಸಂಜೆ ‘ನಾಳೆ’ ಅಂದ. ನಾಳೆ ಗುರುವಾರ. ಪುಣೆಯಲ್ಲಿ ಗುರುವಾರ ಅಂದರೆ ಏನು ಅಂತ ನಿಮಗೆ ಹೇಳಬೇಕಾ? ಕರೆಂಟಿನವರು ರಿಪೇರಿಗೆ ಕೈ ಹಾಕುವ ದಿನ. ಹೋದರೆ ಶಟರ್ ಅರ್ಧ ಎಳೆದುಕೊಂಡು, ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಕೂತಿದ್ದ. “ಲೈಟ್ ಗೇಲಿ” ಅಂದ, ಮರಾಠಿಯಲ್ಲಿ. ಕರೆಂಟ್ ಹೋಯ್ತು ಅಂತ. ನನ್ನ ಡಬ್ಬಿ ಚೀಟಿ ಸಮೇತ ಇಟ್ಟಲ್ಲೇ ಇತ್ತು.

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಪಕ್ಕದ ವಿಂಗಿನ ಕಾಕಾ ಕೂಡ ಅಲ್ಲೇ ಇದ್ದರು. ಹಾಲೆಂಡಿನ ಮಗಳ ಮನೆಗೆ ಹೋಗಿ ಬಂದವರು.

“ಅಲ್ಲೆ ಕರೆಂಟಿನ ಹಂಗು ಇಲ್ಲ ನೋಡ್ರಿ. ಬರೇ ಗಾಳಿ!” ಅಂತ ಫೋನ್ ತೆಗೆದರು.

ಕಿಂಡರ್‌ಡೈಕ್ ಅಂತ ಊರು. ಹೆಚ್ಚಿನವು 1740ರ ಸುಮಾರಿನವಾದ 19 ಗಾಳಿಗಿರಣಿಗಳನ್ನು ಇವತ್ತಿಗೂ ತಿರುಗುವ ಹಾಗೆ ಜೋಪಾನ ಮಾಡಿದ್ದಾರೆ. 1997ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿವೆ. ಫೋಟೊ ಆದರೆ ಬೇಗ ಮುಗಿಯುತ್ತೆ, ಕಾಕಾ ತೋರಿಸುವುದು ವಿಡಿಯೋ. ಅರ್ಧ ಸ್ಕ್ರೀನ್ ಅವರ ಹೆಬ್ಬೆರಳು. ಗೈಡ್ ಹೇಳಿದ್ದೆಲ್ಲ ಗಾಳಿಗೆ ಬರೀ ಭರ್ರ್. ಹಾಗಾಗಿ ಕಾಕಾನೇ ನಿಂತಲ್ಲಿ ಡಬ್ಬಿಂಗ್ ಮಾಡುತ್ತಾರೆ. “ಗಾಳಿ ದಿಕ್ಕು ಬದಲಾತಂದ್ರ ಮ್ಯಾಲಿನ ಟೊಪಗಿ ತಿರುಗಿಸ್ತಾರ. ಗಾಳಿ ಕಮ್ಮಿ ಇದ್ರ ರೆಕ್ಕಿಗೆ ಬಟ್ಟಿ ಹಾಸ್ತಾರ. ಈಗ ರೆಕ್ಕಿ ಬರ್ತದ ನೋಡ್ರಿ... ಬಂತು!” ಪ್ರತಿ ರೆಕ್ಕೆಗೂ ‘ಬಂತು’. ಇರೋದೇ ನಾಲ್ಕು ಮಾರಾಯರೇ, ಬರದೆ ಎಲ್ಲಿಗೆ ಹೋಗುತ್ತವೆ? ನಡುವೆ ಕಾಕಾನ ಹೆಂಡತಿಯ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು: “ಸಾಕು ನಡೀರಿ, ಬಸ್ ಹೋಗ್ತದ.”

“ಹಿಟ್ಟು ಸಣ್ಣಗೆ ಬರುತ್ತಾ ಕಾಕಾ?” ಸುಮ್ನೆ ಕೇಳಿದೆ.

“ಹಿಟ್ಟೆಲ್ಲಿದು? ಅವು ನೀರೆತ್ತೋ ಗಿರಣಿ!”

ತಗ್ಗು ಜಮೀನಿನ ನೀರು ಎತ್ತಿ ಹೊರಗೆ ಹಾಕೋದಕ್ಕೆ ಕಟ್ಟಿದ್ದಂತೆ. ಈಗ ಆ ಕೆಲಸವನ್ನೂ ದೊಡ್ಡ ಪಂಪುಗಳು ಮಾಡುತ್ತವೆ. ಅಂದರೆ ಹತ್ತೊಂಬತ್ತರಲ್ಲಿ ಒಂದಾದರೂ ಒಂದು ಹಿಡಿ ಗೋಧಿ ಬೀಸಿದ್ದಿಲ್ಲ. ಇದಕ್ಕೆ ನಾನು ಬಿಸಿಲಲ್ಲಿ ನಿಂತು ‘ಹೌದಾ, ಹೌದಾ’ ಅಂದಿದ್ದು.

ಆಮೇಲೆ ಒಂದು ಫೋಟೊ ಬಂತು. ಗಿರಣಿಯೊಳಗಿನ ಮನೆ, ಗೋಡೆಯಲ್ಲಿ ಕಪಾಟಿನಂಥ ಮಂಚ. ಗಿರಣಿಯವನ ಸಂಸಾರ, ಮಕ್ಕಳು ಮರಿ ಎಲ್ಲ ಅಷ್ಟರಲ್ಲೇ ಇರುತ್ತಿದ್ದರಂತೆ. “ನಮ್ಮ ಮೂರು ಖೋಲಿಗೆ ಈಗ ಇಬ್ಬರ” ಅಂದರು ಕಾಕಾ. ಮುಂದಿನ ಫೋಟೊಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

ಅಷ್ಟರಲ್ಲಿ ಗಿರಣಿಯವನು ಶಟರ್ ಕೆಳಗಿಂದ ತಲೆ ಹಾಕಿ, ಗಾಳಿ ನಿಂತರೆ ಅಲ್ಲಿಯವರು ಏನು ಮಾಡುತ್ತಾರೆ ಅಂತ ಮರಾಠಿಯಲ್ಲಿ ಕೇಳಿದ. ಬರುವ ತನಕ ಕೂರುತ್ತಾರೆ ಅಂದರು ಕಾಕಾ. ಅವನು ನನ್ನ ಡಬ್ಬಿಗೆ ಮೊಣಕೈ ಊರಿ ಇನ್ನೂ ಆರಾಮಾಗಿ ಕೂತ.

“ಅದಿರ್ಲಿ, ಇದು ಎರಡನೇ ಗಿರಣಿ ವಿಡಿಯೋ” ಅಂದರು ಕಾಕಾ.