ಮಳೆ ಬಂದರೆ ಮ್ಯಾನೇಜರನ್ನು ಕೇಳಿ

ಮಳೆ ಜೋರಾಯಿತು, ಕಂಪನಿಯಿಂದ ಮತ್ತೆ ಆ ಮೇಲ್ ಬಂತು. ಬೆಂಗಳೂರಿನಲ್ಲಿ ಕಂಪನಿ ಕೆಲಸ ಮಾಡುವವರಿಗೆ ಯಾವ ಮೇಲ್ ಅಂತ ಬಿಡಿಸಿ ಹೇಳಬೇಕಿಲ್ಲ. ‘ನಿಮ್ಮ ಸುರಕ್ಷತೆಯೇ ನಮಗೆ ಮುಖ್ಯ’ ಅಂತ ಶುರುವಾಗುತ್ತದಲ್ಲ, ಅದೇ. ಅದು ಬರುವುದು ಬೆಳಿಗ್ಗೆ ಹತ್ತೂಕಾಲಿಗೆ. ಅಷ್ಟು ಹೊತ್ತಿಗೆ ಅರ್ಧ ಜನ ಸಿಲ್ಕ್ ಬೋರ್ಡ್ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ಬೈಕ್ ತಳ್ಳುತ್ತಿರುತ್ತಾರೆ. ಇನ್ನರ್ಧ ಜನ ಆಗಲೇ ಆಫೀಸಿಗೆ ಬಂದು ಒದ್ದೆ ಸಾಕ್ಸ್ ಎಲ್ಲಿ ಒಣಗಿಸೋದು ಅಂತ ಹುಡುಕುತ್ತಿರುತ್ತಾರೆ.

ಬರೆದವರ ಜಾಣತನ ಮೆಚ್ಚಲೇಬೇಕು. ಬನ್ನಿ ಅಂತಲೂ ಹೇಳಿಲ್ಲ, ಬರಬೇಡಿ ಅಂತಲೂ ಹೇಳಿಲ್ಲ. ಪರಿಸ್ಥಿತಿ ನೋಡಿಕೊಂಡು, ಮ್ಯಾನೇಜರ್ ಹತ್ತಿರ ಮಾತಾಡಿಕೊಂಡು ನೀವೇ ತೀರ್ಮಾನ ಮಾಡಿ ಅಂತಿದೆ. ಮ್ಯಾನೇಜರನ್ನು ಕೇಳಿದರೆ, ‘ನಂದೇನಿಲ್ಲಪ್ಪ, ಎಚ್‌ಆರ್ ಏನಂತಾರೋ ನೋಡು’ ಅನ್ನುತ್ತಾರೆ. ಎಚ್‌ಆರ್‌ನವರನ್ನು ಕೇಳಿದರೆ, ‘ಮೇಲ್‌ನಲ್ಲೇ ಇದೆಯಲ್ಲ ಸರ್’. ಬರುವಾಗ ಗುಂಡಿಗೆ ಬಿದ್ದರೆ ಅದು ನಿಮ್ಮ ತೀರ್ಮಾನ. ಬರದಿದ್ದರೆ ನಿಮ್ಮ ಹಾಜರಿ. ಕೊನೆಗೊಂದು ಸಾಲು ಬೇರೆ: ಇವತ್ತು ಮನೆಯಿಂದ ಕೆಲಸ ಮಾಡಿದವರು ಬೇರೊಂದು ದಿನ ಆಫೀಸಿಗೆ ಬಂದು ವಾರದ ಲೆಕ್ಕ ಸರಿ ಮಾಡತಕ್ಕದ್ದು. ಮಳೆಯನ್ನೂ ಕೈಸಾಲದ ಹಾಗೆ ತೀರಿಸಬೇಕು.

ಹವಾಮಾನ ಇಲಾಖೆಯವರು ಪಾಪ ಅಚ್ಚುಕಟ್ಟಾದ ಜನ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಆದರೆ ಅದಕ್ಕೂ ಮೇಲಿನದು. ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣ ಬೇರೆ ಹಚ್ಚಿ ಹಿಂದಿನ ದಿನವೇ ಕೊಡುತ್ತಾರೆ. ನಮ್ಮ ಪಾಲಿಸಿಗೆ ಈ ಬಣ್ಣಗಳು ಕಾಣುವುದಿಲ್ಲ. ಅದರ ಅಳತೆ ಒಂದೇ, ಎಂಡಿ ಕಾರು ಬೇಸ್‌ಮೆಂಟಿಗೆ ಇಳಿಯಿತಾ ಇಲ್ವಾ.

ಮಳೆಗೆ ರಜೆ ಅಂದಾಗ ನನಗೆ ಊರ ಕಡೆಯ ಡಿಸಿಗಳ ನೆನಪಾಗುತ್ತದೆ. ದಕ್ಷಿಣ ಕನ್ನಡ, ಉಡುಪಿ, ಕೊಡಗಿನಲ್ಲಿ ಜುಲೈ ಬಂತೆಂದರೆ ಮಕ್ಕಳ ಪಾಲಿಗೆ ಡಿಸಿಗಿಂತ ದೊಡ್ಡ ದೇವರಿಲ್ಲ. ರಾತ್ರಿ ಹತ್ತಾದರೂ ಮೊಬೈಲ್ ಬಿಡದೆ ‘ಸರ್, ಜೋರು ಮಳೆ ಸರ್, ಪ್ಲೀಸ್ ಸರ್’ ಅಂತ ಮೆಸೇಜ್ ಹಾಕುತ್ತಾರೆ. ರಜೆ ಕೊಟ್ಟ ದಿನ ಬಿಸಿಲು ಬಂದರೆ ಬೈಗುಳ, ಕೊಡದ ದಿನ ಮಳೆ ಸುರಿದರೆ ಇನ್ನೂ ಜಾಸ್ತಿ ಬೈಗುಳ. ಆದರೂ ಡಿಸಿ ತಮ್ಮ ಹೆಸರು ಹಾಕಿ ಆದೇಶ ಹೊರಡಿಸುತ್ತಾರೆ. ಹಿಂದಿನ ಕಾಲದಲ್ಲಿ ಇನ್ನೂ ಸಲೀಸಿತ್ತು. ಹೆಡ್‌ಮಾಸ್ಟರು ಕೊಡೆ ಹಿಡಿದು ಹಳ್ಳದವರೆಗೆ ಹೋಗುತ್ತಿದ್ದರು. ನೀರು ಸಂಕದ, ಅಂದರೆ ಕಾಲುಸೇತುವೆಯ, ಹತ್ತಿರ ಬಂದಿದ್ದರೆ ವಾಪಸ್ ಬಂದು ಗಂಟೆ ಬಾರಿಸಿ, ಆಚೆ ದಡದ ಮಕ್ಕಳನ್ನು ಮೊದಲು ಕಳಿಸುತ್ತಿದ್ದರು. ಒಂದನೇ ಕ್ಲಾಸಿನ ಹುಡುಗನಿಗೆ ‘ಪರಿಸ್ಥಿತಿ ನೋಡಿಕೊಂಡು ನೀನೇ ತೀರ್ಮಾನ ಮಾಡು ಮಗಾ’ ಅಂತ ಯಾವ ಮೇಷ್ಟ್ರೂ ಹೇಳಿದ್ದು ನಾನು ಕೇಳಿಲ್ಲ.

ಇರಲಿ. ಬೆಂಗಳೂರು ಮಳೆಗೆ ಮುಳುಗಿದ 2022ರ ಸೆಪ್ಟೆಂಬರ್ ಮರೆತಿಲ್ಲ ತಾನೇ? ಅದಕ್ಕೆ ಸ್ವಲ್ಪ ಮುಂಚೆ, ಆಗಸ್ಟ್ 30ರಂದು, ಹೊರ ವರ್ತುಲ ರಸ್ತೆಯಲ್ಲಿ ಮಳೆನೀರು ನಿಂತು ಉದ್ಯೋಗಿಗಳು ಐದು ಗಂಟೆ ಸಿಕ್ಕಿಕೊಂಡಿದ್ದರು. ಅದರಿಂದ 225 ಕೋಟಿ ರೂಪಾಯಿ ನಷ್ಟ ಅಂತ ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಲೆಕ್ಕ ಅಂದರೆ ಲೆಕ್ಕ! ವಾರದೊಳಗೆ ಮತ್ತೆ ಸುರಿಯಿತು, ಒಂದೇ ದಿನ 131.6 ಮಿಲಿಮೀಟರ್. ಯಮಲೂರಿನಲ್ಲಿ ಜನ 50 ರೂಪಾಯಿ ಕೊಟ್ಟು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಕೊರಳಲ್ಲಿ ಐಡಿ ಕಾರ್ಡ್, ಬೆನ್ನಲ್ಲಿ ಲ್ಯಾಪ್‌ಟಾಪ್. ಆ ಫೋಟೋ ನೋಡಿ, ನಮ್ಮ ಹುಡುಗರ ಕೆಲಸದ ಶ್ರದ್ಧೆ ಅಂದರೆ ಇದು ಅಂತ ಹೊಗಳಿದವರೂ ಇದ್ದರು. ಟ್ರ್ಯಾಕ್ಟರ್ ಹತ್ತಿ ಬರಬೇಕಾದ ದಿನ ಆಫೀಸು ಯಾಕೆ ತೆರೆದಿತ್ತು ಅಂತ ಕೇಳಿದವರು ಕಡಿಮೆ.

2025ರ ಮೇ ತಿಂಗಳಲ್ಲಿ ಮತ್ತೆ ಅದೇ. ಸಂಸದ ಪಿ.ಸಿ. ಮೋಹನ್ ಅವರು ಐಟಿ ಕಂಪನಿಗಳು ಎರಡು ದಿನ ಮನೆಯಿಂದಲೇ ಕೆಲಸ ಮಾಡಿಸಲಿ ಅಂತ ಕೇಳಿಕೊಂಡರು. ಕೇಳಿಕೊಂಡರು ಅಷ್ಟೇ. ಶಾಲೆಗೆ ಆದೇಶ, ಐಟಿ ಕಂಪನಿಗೆ ವಿನಂತಿ, ಅದೇ ನಮ್ಮ ಪದ್ಧತಿ.

ಆ ಮೇ 19ರ ಬೆಳಿಗ್ಗೆ ಮಹದೇವಪುರದ ಕಡೆ ಒಂದು ಕಂಪನಿಯ ಕಾಂಪೌಂಡ್ ಗೋಡೆ ಕುಸಿದು, ಅಲ್ಲೇ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಿದ್ದ ಹೆಂಗಸು ಸತ್ತರು. 35 ವರ್ಷ. ರಾತ್ರಿಯೆಲ್ಲ ಮಳೆ ಸುರಿದಿತ್ತು.

ಇಲ್ಲಿಗೆ ನನಗೆ ತಮಾಷೆ ಸಾಕಾಗುತ್ತದೆ. ಅವರ ಕೆಲಸಕ್ಕೆ ವರ್ಕ್ ಫ್ರಮ್ ಹೋಮ್ ಅನ್ನೋದು ಇಲ್ಲ. ಕಸ ಗುಡಿಸುವವರು, ಗೇಟಿನ ಸೆಕ್ಯುರಿಟಿಯವರು, ಕ್ಯಾಂಟೀನಿನ ಹುಡುಗರು ಬಹುತೇಕ ಏಜೆನ್ಸಿ ಕಡೆಯವರು. ಕಂಪನಿಯ ಮೇಲ್ ಐಡಿ ಇಲ್ಲ, ಹಾಗಾಗಿ ಸುರಕ್ಷತೆಯ ಮೇಲ್ ಕೂಡ ಇಲ್ಲ. ಬರದಿದ್ದರೆ ಆ ದಿನದ ಸಂಬಳ ಹೋಯಿತು. ನಾವು ಮನೆಯಲ್ಲಿ ಕಾಫಿ ಕುಡಿಯುತ್ತಾ ಪಾಲಿಸಿ ಸರಿಯಿಲ್ಲ ಅಂತ ಬೈಯುವ ಹೊತ್ತಿಗೆ ಅವರು ಎರಡು ಬಸ್ ಬದಲಾಯಿಸಿ, ನೀರಲ್ಲಿ ನಡೆದು ಬಂದು, ಯಾರೂ ಇಲ್ಲದ ಫ್ಲೋರು ಒರೆಸುತ್ತಿರುತ್ತಾರೆ. 225 ಕೋಟಿ ಎಣಿಸಲು ಬರುವ ಊರಿಗೆ ಇವರ ಒಂದು ದಿನದ ಸಂಬಳ ಎಣಿಸಲು ಬರುವುದಿಲ್ಲವಾ?

ಎಚ್ಚರಿಕೆ ಹಿಂದಿನ ದಿನವೇ ಬಂದಿರುತ್ತದೆ. ಏಜೆನ್ಸಿಯವನಿಗೆ ಒಂದು ಫೋನ್ ಮಾಡಿ, ‘ನಾಳೆ ಯಾರನ್ನೂ ಕಳಿಸಬೇಡಿ, ದುಡ್ಡು ನಾವೇ ಕೊಡ್ತೀವಿ’ ಅನ್ನಬಹುದು. ಕಸ ಒಂದು ದಿನ ಬಿದ್ದಿರಲಿ. ಟ್ರ್ಯಾಕ್ಟರಿನಲ್ಲಾದರೂ ಬಂದೇ ಬರುತ್ತೇವೆ ಅನ್ನುವ ಶೂರರು ತಮ್ಮ ಲೋಟ ತಾವೇ ತೊಳೆದುಕೊಳ್ಳಲಿ.