ಹಿತ್ತಲ ಕೋಣೆಗೂ ವಿನ್ಯಾಸ ಹೇಳಿಕೆ ಬೇಕೇ? ಒಂದು ಸ್ಪಷ್ಟನೆ

ಇಂಗ್ಲೆಂಡಿನಲ್ಲಿ ಮನೆಯ ಹಿಂಬದಿಗೆ ಒಂದು ಕೋಣೆ ಸೇರಿಸಲು ಯೋಜನಾ ಅನುಮತಿಗೆ ಅರ್ಜಿ ಹಾಕುವವರೂ ‘ಡಿಸೈನ್ ಅಂಡ್ ಆಕ್ಸೆಸ್ ಸ್ಟೇಟ್‌ಮೆಂಟ್’ (ಕಟ್ಟಡದ ವಿನ್ಯಾಸ ಮತ್ತು ಪ್ರವೇಶವನ್ನು ವಿವರಿಸುವ ಹೇಳಿಕೆ) ಲಗತ್ತಿಸಲೇಬೇಕು, ಇಲ್ಲದಿದ್ದರೆ ಸ್ಥಳೀಯ ಕೌನ್ಸಿಲ್ ಅರ್ಜಿಯನ್ನೇ ಸ್ವೀಕರಿಸುವುದಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. 2006ರಲ್ಲಿ ಜಾರಿಗೆ ಬಂದ ಈ ನಿಯಮದ ವ್ಯಾಪ್ತಿಯನ್ನು 2013ರಲ್ಲಿಯೇ ಕಿರಿದುಗೊಳಿಸಲಾಗಿದೆ. ಹಳೆಯ ಮಾಹಿತಿ ಮಾತ್ರ ಇನ್ನೂ ಸುತ್ತುತ್ತಿರುವಂತಿದೆ.

ಹತ್ತು ಅಥವಾ ಹೆಚ್ಚು ಮನೆಗಳ, ಇಲ್ಲವೇ 1,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣದ ಕಟ್ಟಡದಂತಹ ದೊಡ್ಡ ಯೋಜನೆಗಳಿಗೆ ಈ ಹೇಳಿಕೆ ಸಾಮಾನ್ಯವಾಗಿ ಕಡ್ಡಾಯ. ಸಂರಕ್ಷಿತ ಪ್ರದೇಶ (‘ಕನ್ಸರ್ವೇಶನ್ ಏರಿಯಾ’) ಹಾಗೂ ವಿಶ್ವ ಪರಂಪರೆಯ ತಾಣಗಳಲ್ಲಿ ಮಿತಿ ಕೆಳಗಿದೆ: ಒಂದೇ ಒಂದು ಹೊಸ ಮನೆಯಾದರೂ, 100 ಚದರ ಮೀಟರ್ ಸೇರ್ಪಡೆಯಾದರೂ ಹೇಳಿಕೆ ಬೇಕು. ಹೀಗಾಗಿ ಅಂತಹ ಪ್ರದೇಶದಲ್ಲಿಯೂ 20 ಚದರ ಮೀಟರಿನ ಅಡುಗೆಮನೆ ವಿಸ್ತರಣೆಗೆ ಇದು ಅನ್ವಯಿಸುವುದಿಲ್ಲ.

ಆದರೆ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಮಾತೇ ಬೇರೆ. ಅದಕ್ಕೆ ಬೇಕಾದ ಪ್ರತ್ಯೇಕ ಒಪ್ಪಿಗೆಯ ಅರ್ಜಿಯೊಂದಿಗೆ, ಕೆಲಸ ಎಷ್ಟೇ ಚಿಕ್ಕದಿರಲಿ, ಹೇಳಿಕೆ ಇರಲೇಬೇಕು. ಕೆಲಸ ಒಳಭಾಗಕ್ಕಷ್ಟೇ ಸೀಮಿತವಾದರೆ ಪ್ರವೇಶದ ವಿವರಣೆಯಿಂದ ಮಾತ್ರ ವಿನಾಯಿತಿ ಉಂಟು.

‘ಆಕ್ಸೆಸ್’ ಎಂದರೆ ಕಾರು ನುಗ್ಗುವ ದಾರಿಯಷ್ಟೇ ಎಂಬುದೂ ತಪ್ಪು ಗ್ರಹಿಕೆ. ರಸ್ತೆಯಿಂದ ಬಾಗಿಲವರೆಗೆ ಗಾಲಿಕುರ್ಚಿಯವರು ಹೇಗೆ ಬರುತ್ತಾರೆ, ಹೊಸ್ತಿಲ ಮುಂದಿನ ಕಲ್ಲುಮೆಟ್ಟಿಲಿಗೆ ಏನು ಪರಿಹಾರ, ಈ ಕುರಿತು ಯಾರೊಡನೆ ಸಮಾಲೋಚಿಸಲಾಯಿತು, ಅದರಿಂದ ನಕ್ಷೆಯಲ್ಲಿ ಏನು ಬದಲಾಯಿತು ಎಂಬುದನ್ನು ಅಲ್ಲಿ ಬರೆಯಬೇಕು. ಯೋಜನೆಯನ್ನು ಹೊಗಳುವ ನಾಲ್ಕು ಪುಟ ಯಾರಿಗೂ ಬೇಕಿಲ್ಲ. ವೇಲ್ಸ್ ಮತ್ತು ಸ್ಕಾಟ್ಲೆಂಡಿನ ನಿಯಮಗಳು ಬೇರೆಯೇ ಇವೆ.